ಕಾಡಿನ ಯೂಸರ್ ಯಾರು ಸ್ವಾಮಿ?

'ಬಹೂಪಯೋಗಿ ಅರಣ್ಯ ನಿರ್ವಹಣೆ'... ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಮರ, ನೀರು, ಮೇವು, ವನ್ಯಜೀವಿ, ಪ್ರವಾಸ ಎಲ್ಲವೂ ಒಂದೇ ಕಾಡಿನಿಂದ! 1960ರಲ್ಲಿ ಸಿಯಾಟಲ್‌ನಲ್ಲಿ ನಡೆದ ವಿಶ್ವ ಅರಣ್ಯ ಸಮ್ಮೇಳನದ ಮುಖ್ಯ ವಿಷಯವೇ ಇದು. ಅದೇ ವರ್ಷ ಅಮೆರಿಕ ಇದಕ್ಕೊಂದು ಕಾಯ್ದೆಯನ್ನೂ ಮಾಡಿಕೊಂಡಿತು. ಆಮೇಲೆ ಸಾಲ, ನೆರವು, ತಜ್ಞರ ಜೊತೆ ಈ ಮಾತು ನಮ್ಮಲ್ಲಿಗೂ ಬಂತು.

ಆದರೆ ಮಲೆನಾಡಿಗೆ ಇದನ್ನು ಯಾರೂ ಹೊರಗಿನಿಂದ ಬಂದು ಕಲಿಸಬೇಕಿರಲಿಲ್ಲ. ಶಿರಸಿ ಕಡೆಯ ಸೊಪ್ಪಿನಬೆಟ್ಟ ನೋಡಿ. ಅಡಿಕೆ ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಕು, ಒಲೆಗೆ ಸೌದೆ, ದನಕ್ಕೆ ಮೇವು, ಅಡುಗೆಗೆ ಮುರುಗಲು. ತೋಟ ಇಲ್ಲದವರಿಗೆ ಆ ಬೆಟ್ಟದ ಹಕ್ಕಿರಲಿಲ್ಲ ಅನ್ನೋದೂ ನಿಜ. ನೆರವು ಕೊಡುವವರು ಸರಿಮಾಡಬೇಕಿದ್ದದ್ದು ಇಂಥದ್ದನ್ನು. ಮಾಡಿದ್ದೇನು?

1980ರ ದಶಕದಲ್ಲಿ ವಿಶ್ವಬ್ಯಾಂಕ್ ಮತ್ತು ಬ್ರಿಟನ್ ಹಣದಿಂದ 'ಸಾಮಾಜಿಕ ಅರಣ್ಯ' ಬಂತು. ಊರಿಗೆ ಸೌದೆ, ಮೇವು ಅಂದರು. ನೆಟ್ಟಿದ್ದರಲ್ಲಿ ಬಹುಪಾಲು ನೀಲಗಿರಿ. ಆಡೂ ಮೂಸದ ಮರ! ಅದೇ ಹೊತ್ತಿಗೆ, 1984ರಲ್ಲಿ, ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಜಂಟಿ ಕಂಪನಿ ಮಾಡಿ, ಸುಮಾರು 30,000 ಹೆಕ್ಟೇರ್ ಭೂಮಿಯನ್ನು ನೀಲಗಿರಿಗೆಂದು ಕೊಡಲು ಹೊರಟಿತು. ದನ ಮೇಯುತ್ತಿದ್ದ ನೆಲ ಕಾರ್ಖಾನೆಯ ಕಚ್ಚಾ ಮಾಲಿಗೆ. ಜನ ಸುಮ್ಮನಿರಲಿಲ್ಲ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ನಡೆಯಿತು. ನೀಲಗಿರಿ ಕಿತ್ತರು, ಊರಿಗೆ ಬೇಕಾದ ಗಿಡ ಹಚ್ಚಿದರು. 1991ರಲ್ಲಿ ಆ ಕಂಪನಿ ಬಾಗಿಲು ಹಾಕಿತು.

ಆಮೇಲೆ ಭಾಷೆ ಬದಲಾಯಿತು. ಬ್ರಿಟನ್ ನೆರವಿನ ಪಶ್ಚಿಮಘಟ್ಟ ಯೋಜನೆ, 1993ರ ಜಂಟಿ ಅರಣ್ಯ ಆದೇಶ, ಗ್ರಾಮ ಅರಣ್ಯ ಸಮಿತಿಗಳು, 2005ರಲ್ಲಿ ಜಪಾನ್ ಸಾಲ. ಸಮಿತಿ ಊರಿನದ್ದು, ಕಾರ್ಯದರ್ಶಿ ಮಾತ್ರ ಇಲಾಖೆಯವರು! ಹಣ ಮುಗಿದ ಮೇಲೆ ಎಷ್ಟೋ ಸಮಿತಿಗಳು ಕಾಗದದಲ್ಲಷ್ಟೇ ಉಳಿದವು.

ಸಾಫ್ಟ್‌ವೇರಿನಲ್ಲಿ ಅನ್ನ ಕಂಡುಕೊಂಡ ನನಗೆ ಇದು ಗೊತ್ತಿರೋ ಕಥೆಯೇ. ಬಳಸುವವರನ್ನು ಕೇಳದೆ, ದುಡ್ಡು ಕೊಡುವ ಕ್ಲೈಂಟ್ ಹೇಳಿದಂತೆ ಕೋಡ್ ಬರೆದರೆ ಪ್ರಾಜೆಕ್ಟ್ ಮುಗಿಯುತ್ತೆ, ಬಿಲ್ಲೂ ಪಾಸಾಗುತ್ತೆ. ಬಳಕೆಗೆ ಮಾತ್ರ ಬರಲ್ಲ.

ಹಾಗಂತ ಹೊರದೇಶದ ಹಣವೇ ಬೇಡ ಅಂತ ನಾನು ಹೇಳ್ತಿಲ್ಲ. ಮೊದಲು ಹಕ್ಕು, ಆಮೇಲೆ ಯೋಜನೆ, ಅಷ್ಟೇ. 2006ರ ಅರಣ್ಯ ಹಕ್ಕು ಕಾಯ್ದೆಯಡಿ, 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಅದು ಹುಲಿ ಸಂರಕ್ಷಿತ ಪ್ರದೇಶ. ಅಲ್ಲೇ ಜೇನು, ನೆಲ್ಲಿಕಾಯಿ ಸಂಗ್ರಹಿಸುವ ಜನರಿಗೆ ಕಾನೂನಿನ ಹಕ್ಕು! ಬಹೂಪಯೋಗ ಅಂದರೆ ಇದು. ನೆರವು ಕೊಡುವವರು ಇಂಥ ಗ್ರಾಮಸಭೆಯ ಮುಂದೆ ಅರ್ಜಿ ಹಿಡಿದು ನಿಲ್ಲಲಿ. ಕೊಡುವ ಹಣಕ್ಕೆ ಲೆಕ್ಕ ಅಲ್ಲೇ ಒಪ್ಪಿಸಲಿ.

ಎಷ್ಟು ಲಕ್ಷ ಸಸಿ ನೆಟ್ಟಿರಿ ಅನ್ನೋದು ಪ್ರಶ್ನೆಯಲ್ಲ ಸ್ವಾಮಿ. ಯಾವ ಸಸಿ ಅಂತ ತೀರ್ಮಾನಿಸಿದ್ದು ಯಾರು?

ನೀವೇನಂತೀರಾ?