ಇಂಗ್ಲಿಷ್ ಕಲಿಕೆಯೂ ಸುದ್ದಿಯ ಪರೀಕ್ಷೆಯೂ

ಹೈದರಾಬಾದಿನ ಜೀಡಿಮೆಟ್ಲಾ ಕಾರ್ಖಾನೆಗಳ ನೆಲೆ. ಉದ್ಯೋಗವನ್ನರಸಿ ಬಂದ ಕುಟುಂಬಗಳ ವಾಸಸ್ಥಾನ. ಇಂಥಲ್ಲಿ ಇಂಗ್ಲಿಷ್ ಎಂದರೆ ಜೀವನೋಪಾಯ. ತೆಲಂಗಾಣ ಸರ್ಕಾರವು 2022-23ನೇ ಶೈಕ್ಷಣಿಕ ವರ್ಷದಿಂದ ತನ್ನ ಶಾಲೆಗಳ 1ರಿಂದ 8ನೇ ತರಗತಿಯವರೆಗೆ ಇಂಗ್ಲಿಷ್ ಮಾಧ್ಯಮವನ್ನು ಜಾರಿಗೊಳಿಸಿದಾಗ, ತೆಲುಗು ಮತ್ತು ಇಂಗ್ಲಿಷ್ ಪಾಠಗಳನ್ನು ಎದುರುಬದುರು ಪುಟಗಳಲ್ಲಿ ಮುದ್ರಿಸಿ ಕೊಟ್ಟಿತು. ಎರಡು ಭಾಷೆಗಳನ್ನು ಹೋಲಿಸಿ ಓದುವ ಈ ಕ್ರಮ ಪಾಠಕ್ಕೆ ಮಾತ್ರವಲ್ಲ, ಸುದ್ದಿಗೂ ಅಗತ್ಯ.

ಹೊರನಾಡಿನ ಕನ್ನಡ ಮನೆಗಳಲ್ಲಿ ಇಂಗ್ಲಿಷ್ ಬಲ್ಲ ಮಗನೋ ಮಗಳೋ ಹಿರಿಯರಿಗೆ ಸುದ್ದಿಯನ್ನು ಅನುವಾದಿಸಿ ಹೇಳುವುದುಂಟು. ಆಗ ಮೊದಲು ಬಿದ್ದುಹೋಗುವುದು ಸಣ್ಣ ಪದಗಳೇ. ‘ಅಲೆಜೆಡ್ಲಿ’ ಎಂಬುದನ್ನು ಕೈಬಿಟ್ಟರೆ ಆರೋಪವೇ ನಿರ್ಣಯವಾಗುತ್ತದೆ. ‘ಅಕ್ಯೂಸ್ಡ್’ ಎಂಬುದಕ್ಕೆ ಅಪರಾಧಿ ಎಂದರೆ ನ್ಯಾಯಾಲಯಕ್ಕಿಂತ ಮೊದಲೇ ಮನೆಯಲ್ಲಿ ತೀರ್ಪು ಹೊರಬೀಳುತ್ತದೆ. ಇನ್ನೂ ‘ಬಿಲ್’ ಆಗಿರುವ ಮಸೂದೆಯನ್ನು ಕಾಯ್ದೆಯೆಂದು ತಿಳಿದರೆ ಮತದಾರನ ವಿವೇಚನೆಯೇ ದಾರಿತಪ್ಪುತ್ತದೆ.

ಪರಿಶೀಲಿಸದೆ ಹಂಚಿದ ಸುದ್ದಿಯ ಬೆಲೆಯನ್ನು ಗಡಿಜಿಲ್ಲೆಯಾದ ಬೀದರ್ ಕಂಡಿದೆ. 2018ರ ಜುಲೈ 13ರಂದು ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಯುವಕನೊಬ್ಬ ಗುಂಪಿನ ಹಲ್ಲೆಗೆ ಬಲಿಯಾದನು. ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗೆಳೆಯರ ತಂಡವನ್ನು ವಾಟ್ಸಾಪ್ ವದಂತಿ ಮಕ್ಕಳ ಕಳ್ಳರೆಂದು ಸಾರಿತ್ತು. ಆ ದಿನಗಳಲ್ಲಿ ದೇಶದಲ್ಲಿ ಹರಿದಾಡಿದ ಅಪಹರಣದ ವಿಡಿಯೊವೊಂದು ವಾಸ್ತವವಾಗಿ ಕರಾಚಿಯ ಜಾಗೃತಿ ಚಿತ್ರ. ಮಗುವನ್ನು ಮರಳಿ ಬಿಡುವ ಕೊನೆಯ ಭಾಗವನ್ನು ಕತ್ತರಿಸಲಾಗಿತ್ತು. ಅದೇ ತಿಂಗಳು ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸುವ ಮಿತಿಯನ್ನು ಪ್ರಕಟಿಸಿತು. ಆದರೆ ಐದೇ ಕಡೆಗೆ ಕಳುಹಿಸಿದರೂ ಸುಳ್ಳು ಸುಳ್ಳೇ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಅಂದರೆ ಸುಳ್ಳು ಬರಹವನ್ನು ಸೃಷ್ಟಿಸುವುದನ್ನು, ಎಣಿಸುತ್ತದೆ. ಕತ್ತರಿಸಿದ ವಿಡಿಯೊ ಇಂದಿನ ಕೂಟಲೇಖವೇ ಸರಿ. ‘ಸ್ಯಾತ್’ ಎಂಬ ಪದವಿಟ್ಟು, ಆಡಿದ ಮಾತು ಯಾವ ದೃಷ್ಟಿಯಿಂದ ಸಲ್ಲುತ್ತದೆಂದು ತಿಳಿಸುವ ಪರಂಪರೆಯ ಮಕ್ಕಳಿಗೆ ಸುದ್ದಿಯ ಸಣ್ಣ ಪದಗಳು ಅಪರಿಚಿತವಾಗಬಾರದು.

ಪಾಲಕರು ಮಾಡಬೇಕಾದ ಕೆಲಸ ಕಷ್ಟದ್ದಲ್ಲ. ವಾರಕ್ಕೊಮ್ಮೆ ಒಂದೇ ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆಯಲ್ಲಿಯೂ ಕನ್ನಡ ಪತ್ರಿಕೆಯಲ್ಲಿಯೂ ಮಕ್ಕಳಿಂದ ಓದಿಸಬೇಕು. ಹೇಳಿದವರು ಯಾರು, ಎಂದು, ಎಲ್ಲಿ. ಅದರಲ್ಲಿ ಕಂಡದ್ದೆಷ್ಟು, ಕೇಳಿದ್ದೆಷ್ಟು ಎಂದು ಪ್ರಶ್ನಿಸಬೇಕು. ಇದರಿಂದ ಇಂಗ್ಲಿಷ್ ಬಲಿಯುತ್ತದೆ, ಕನ್ನಡವೂ ಉಳಿಯುತ್ತದೆ. ಉಚ್ಚಾರಣೆ ತಿದ್ದಿಸಲು ಹಣ ತೆತ್ತು ತರಗತಿಗೆ ಕಳುಹಿಸುವ ಪಾಲಕರು, ‘ಫಾರ್ವರ್ಡ್’ ಒತ್ತುವ ಮುನ್ನ ಬೆರಳನ್ನು ತಡೆಯುವ ಪಾಠವನ್ನು ಮನೆಯಲ್ಲಿಯೇ ಆರಂಭಿಸಬೇಕು.