ಮೂರು ಚೆಂಡು, ಒಂದು ಮುಳ್ಳು

ಕಳೆದ ಜೂನ್‌ನಲ್ಲಿ ಅಮ್ಮ ತುಮಕೂರಿನಿಂದ ಫೋನ್ ಮಾಡಿದಳು. "ಉಬ್ಬಸಕ್ಕೆ ಮೀನಿನ ಔಷಧಿ ಕೊಡೋದು ನಿಮ್ಮ ಹೈದರಾಬಾದಲ್ಲೇ ಅಂತಲ್ಲೋ? ಎಲ್ಲೆಲ್ಲಿಂದಲೋ ಜನ ಬರ್ತಾರಂತೆ. ಮೀನು ತಿನ್ನದವರಿಗೆ ಬೆಲ್ಲದಲ್ಲೂ ಕೊಡ್ತಾರಂತೆ. ಅಲ್ಲೇ ಇದ್ಕೊಂಡು ನಿನಗೆ ಹೋಗೋಕೇನು?"

ಇಲ್ಲಿರುವವರಿಗೆ ಗೊತ್ತು, ಮೃಗಶಿರಾ ಕಾರ್ತೆ ಬಂತೆಂದರೆ ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ಸಾವಿರಾರು ಜನ ಸಾಲು ನಿಲ್ಲುತ್ತಾರೆ. ಬಾಯಲ್ಲಿ ಹಳದಿ ಔಷಧಿ ಇಟ್ಟ ಜೀವಂತ ಮರಿಮೀನನ್ನು ನುಂಗಿಸುತ್ತಾರೆ. ನಾನು ನಕ್ಕು, "ಅಮ್ಮಾ, ನಾನು ಓದಿದವನು ಕಣೇ" ಎಂದೆ. ಆಗ ನನ್ನ ಲ್ಯಾಪ್‌ಟಾಪ್ ಪಕ್ಕದಲ್ಲಿ ಮೂರು ಚೆಂಡಿನ ಉಪಕರಣ ಕೂತಿತ್ತು. ನಾನು ನುಂಗಿದ ಮೀನು ಅದೇ ಎಂದು ಗೊತ್ತಾಗಲು ನವೆಂಬರ್ ಬರಬೇಕಾಯಿತು.

ಆ ಉಪಕರಣವನ್ನು ನೀವೂ ನೋಡಿರುತ್ತೀರಿ. 2021ರ ಕೊರೋನಾ ದಿನಗಳಲ್ಲಿ ಮನೆಮನೆಗೂ ಬಂದಿತ್ತು. ಕೊಳವೆಯನ್ನು ಬಾಯಿಗಿಟ್ಟು ಉಸಿರೆಳೆದರೆ ಚೆಂಡುಗಳು ಮೇಲೇರುತ್ತವೆ. ಮೇಲೆ 600, 900, 1200 ಎಂದು ಬರೆದಿರುತ್ತದೆ, ಅಂದರೆ ಸೆಕೆಂಡಿಗೆ ಅಷ್ಟು ಮಿಲಿಲೀಟರ್ ಗಾಳಿ. ನಾನು ದಿನಾ ಅಭ್ಯಾಸ ಮಾಡಿದೆ, ಜೊತೆಗೆ ಇಪ್ಪತ್ತು ನಿಮಿಷ ಅನುಲೋಮ ವಿಲೋಮ. ನಮ್ಮ ಜಾತಿಯೇ ಹಾಗಲ್ಲವೇ, ಎಕ್ಸೆಲ್‌ನಲ್ಲಿ ಲೆಕ್ಕವನ್ನೂ ಇಟ್ಟೆ. ಎರಡು ತಿಂಗಳಲ್ಲಿ ಮೂರನೆಯ ಚೆಂಡೂ ಏರಿತು. ಶ್ವಾಸಕೋಶ ಗಟ್ಟಿಯಾಯಿತು ಎಂದುಕೊಂಡು, ಬೆಳಿಗ್ಗೆ ಸಂಜೆ ಎಳೆಯುತ್ತಿದ್ದ ಇನ್‌ಹೇಲರನ್ನು ನಿಲ್ಲಿಸಿಬಿಟ್ಟೆ. ಡಾಕ್ಟರನ್ನು ಕೇಳಲಿಲ್ಲ. ಅದರಲ್ಲಿ ಸ್ಟೆರಾಯ್ಡ್ ಇದೆ ಎಂಬ ಅಳುಕು ಮೊದಲಿಂದಲೂ ಇತ್ತು.

ಕೆಲವು ವಾರ ಏನೂ ಆಗಲಿಲ್ಲ. ನವೆಂಬರ್‌ನ ಒಂದು ರಾತ್ರಿ ಎರಡು ಗಂಟೆಗೆ ಮಗಳು ಎದ್ದು ಬಂದು, "ಅಪ್ಪಾ, ನಿನ್ನೊಳಗೆ ಯಾರೋ ಪೀಪಿ ಊದ್ತಿದ್ದಾರೆ" ಎಂದಳು. ತಕ್ಷಣದ ಪರಿಹಾರಕ್ಕೆಂದು ಇಟ್ಟಿದ್ದ ಇನ್‌ಹೇಲರ್ ಎಳೆದರೂ ಉಸಿರು ತಿರುಗಲಿಲ್ಲ. ಹೆಂಡತಿ ಕಾರು ಓಡಿಸಿದಳು. ಆಸ್ಪತ್ರೆಯಲ್ಲಿ ಹೆಸರು ಕೇಳಿದಾಗ ಒಂದೇ ಉಸಿರಿಗೆ ಹೇಳಲಾಗಲಿಲ್ಲ. ಹಿಂದಿನ ದಿನವಷ್ಟೇ ಮೂರು ಚೆಂಡೂ ಏರಿದ್ದವು.

ನೆಬ್ಯುಲೈಸರ್ ಹಾಕಿ ಸುಧಾರಿಸಿದ ಮೇಲೆ ಡಾಕ್ಟರ್ ನನ್ನ ಎಕ್ಸೆಲ್ ಕಥೆ ಕೇಳಿದರು. ತೆಲುಗು, ಇಂಗ್ಲಿಷ್ ಬೆರೆಸಿ ಅವರು ಹೇಳಿದ್ದರ ಸಾರ ಇಷ್ಟು: "ಚೆಂಡು ಏರೋದು ನೀವು ಒಳಗೆ ಎಳೆಯೋ ಉಸಿರಿಗೆ. ಆಪರೇಷನ್ ಆಗಿ ಮಲಗಿದವರ ಶ್ವಾಸಕೋಶ ಅರಳಲಿ ಅಂತ ಅದನ್ನ ಕೊಡ್ತೀವಿ. ಅಸ್ತಮಾದಲ್ಲಿ ಹೆಚ್ಚು ಕಷ್ಟ ಇರೋದು ಉಸಿರು ಹೊರಗೆ ಬಿಡೋದರಲ್ಲಿ."

ಸರ್ವರ್‌ಗಳೆಲ್ಲ ಹಸಿರು ತೋರಿಸುತ್ತಿರುವಾಗ ಗ್ರಾಹಕರಿಗೆ ಲಾಗಿನ್ನೇ ಆಗದಿದ್ದರೆ ನಾವು ಆಫೀಸಲ್ಲಿ ಏನನ್ನುತ್ತೇವೆ? ಅಳೆಯಬೇಕಾದ್ದನ್ನು ಅಳೆಯುತ್ತಿಲ್ಲ ಎನ್ನುತ್ತೇವೆ. ನಾನು ಮಾಡಿದ್ದೂ ಅದೇ. ಅಸ್ತಮಾದಲ್ಲಿ ಶ್ವಾಸಕೋಶ ಚಿಕ್ಕದಾಗಿರುವುದಿಲ್ಲ. ಗಾಳಿ ಓಡಾಡುವ ನಾಳಗಳ ಒಳಗೋಡೆ ಊದಿಕೊಂಡು, ಸುತ್ತಲ ಸ್ನಾಯು ಬಿಗಿದು ದಾರಿ ಕಿರಿದಾಗಿರುತ್ತದೆ. ಆ ಊತವನ್ನು ಇಳಿಸುವುದು ದಿನನಿತ್ಯದ ಇನ್‌ಹೇಲರ್. ಅದನ್ನು ಬಿಟ್ಟರೆ ಊತ ನಿಧಾನವಾಗಿ ಮರಳುತ್ತದೆ. ನಾನು ಮೋಸ ಹೋಗಿದ್ದು ಆ ನಿಧಾನದಲ್ಲೇ.

ಈಗ ನನ್ನ ಹತ್ತಿರ ಪೀಕ್ ಫ್ಲೋ ಮೀಟರ್ ಇದೆ. ಬ್ಯಾಟರಿ ಬೇಡದ ಒಂದು ಪ್ಲಾಸ್ಟಿಕ್ ಕೊಳವೆ, ಅದಕ್ಕೊಂದು ಮುಳ್ಳು. ನಿಂತು, ಪೂರ್ತಿ ಉಸಿರೆಳೆದು, ಒಂದೇ ಏಟಿಗೆ ಜೋರಾಗಿ ಊದಬೇಕು. ಮೂರು ಸಲ ಊದಿ ಹೆಚ್ಚಿನದನ್ನು ಬರೆದುಕೊಳ್ಳಬೇಕು. ಚೆನ್ನಾಗಿದ್ದ ದಿನಗಳಲ್ಲಿ ನನ್ನ ಅತಿ ಹೆಚ್ಚಿನ ಅಂಕಿ ನಿಮಿಷಕ್ಕೆ 480 ಲೀಟರ್. ಅದರ ಶೇ 80ಕ್ಕಿಂತ ಮೇಲಿದ್ದರೆ ಹಸಿರು, 50ರಿಂದ 80 ಹಳದಿ, 50ಕ್ಕಿಂತ ಕೆಳಗೆ ಕೆಂಪು. ಹಳದಿ ಬಂದರೆ ಏನು ಮಾಡಬೇಕು, ಕೆಂಪು ಬಂದರೆ ಎಲ್ಲಿಗೆ ಓಡಬೇಕು ಎಂದು ಡಾಕ್ಟರ್ ಬರೆದುಕೊಟ್ಟ ಚೀಟಿ ಫ್ರಿಜ್ಜಿನ ಮೇಲಿದೆ.

ಹಾಗಾದರೆ ಉಸಿರಾಟದ ವ್ಯಾಯಾಮ ದಂಡವೇ? ಖಂಡಿತ ಅಲ್ಲ. ಮೂಗಿನಿಂದ ನಿಧಾನವಾಗಿ ಎಳೆದು, ಬಿಸಿ ಕಾಫಿ ಆರಿಸುವಂತೆ ತುಟಿ ಕೂಡಿಸಿ ಅದರ ಎರಡರಷ್ಟು ಹೊತ್ತು ಬಿಡುವುದನ್ನು ನಾನು ದಿನಾ ಮಾಡುತ್ತೇನೆ. ಉಸಿರು ಕಟ್ಟಿದಾಗ ಗಾಬರಿಯಾಗಿ ಸಣ್ಣಸಣ್ಣ ಉಸಿರು ಎಳೆಯುವ ಚಾಳಿ ಇದರಿಂದ ತಗ್ಗಿದೆ, ಮೆಟ್ಟಿಲು ಹತ್ತುವ ಧೈರ್ಯ ಬಂದಿದೆ. ಇಂಥ ಅಭ್ಯಾಸದಿಂದ ಅಸ್ತಮಾ ಇರುವವರ ದಿನನಿತ್ಯದ ಬದುಕು ಹಗುರವಾಗುತ್ತದೆ ಎಂದು ಅಧ್ಯಯನಗಳೂ ಹೇಳುತ್ತವೆ. ಆದರೆ ನಾಳದ ಊತ ಅದರಿಂದ ಇಳಿಯುವುದಿಲ್ಲ. ಔಷಧಿಯ ಜೊತೆಗೆ ಅದು ಇರಲಿ, ಔಷಧಿಯ ಜಾಗದಲ್ಲಿ ಬೇಡ.

ನಿಜ ಹೇಳಬೇಕೆಂದರೆ, ನಾನು ಮೊದಲು ಕಲಿಯಬೇಕಿದ್ದ ಉಸಿರಾಟದ ವ್ಯಾಯಾಮ ಇನ್‌ಹೇಲರ್ ಎಳೆಯುವುದು. ಸ್ಪ್ರೇ ಆದರೆ ನಿಧಾನವಾಗಿ, ಪುಡಿಯದಾದರೆ ಜೋರಾಗಿ ಎಳೆಯಬೇಕು. ಆಮೇಲೆ ಹತ್ತು ಎಣಿಸುವಷ್ಟು ಉಸಿರು ಹಿಡಿಯಬೇಕು. ಸ್ಟೆರಾಯ್ಡ್ ಇರುವುದಾದರೆ ಕೊನೆಗೆ ಬಾಯಿ ಮುಕ್ಕಳಿಸಬೇಕು. ಹನ್ನೆರಡು ವರ್ಷ ಬಳಸಿದ ನನಗೆ ಇದು ಸರಿಯಾಗಿ ಬರುತ್ತಿರಲಿಲ್ಲ. ಮುಂದಿನ ಸಲ ಹೋದಾಗ ನಿಮ್ಮ ಡಾಕ್ಟರೆದುರು ಒಮ್ಮೆ ಎಳೆದು ತೋರಿಸಿ.

ಇವತ್ತು ಬೆಳಿಗ್ಗೆ 460. ಓದಿದ್ದು ಮಗಳು. ಮುಳ್ಳನ್ನು ಸೊನ್ನೆಗೆ ತರುವ ಕೆಲಸವೂ ಅವಳದೇ. ಅಮ್ಮನಿಗೆ ಈ ಸಲ ಎಲ್ಲವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಮೀನು ಬೇಡ ಬಿಡು. ಆದ್ರೆ ಓದಿದವನು ಅಂತ ಇನ್ನೊಂದ್ಸಲ ಅನ್ಬೇಡ."