ಪಾಲುದಾರನನ್ನು ಆರಿಸುವ ಮುನ್ನ

ನಮ್ಮ ಮನೆತನಗಳಿಗೆ ಪಾಲುದಾರಿಕೆಯೆಂಬುದು ಹೊಸ ಮಾತಲ್ಲ. ಹುಬ್ಬಳ್ಳಿ, ದಾವಣಗೆರೆ, ಗದಗ, ರಾಯಚೂರುಗಳ ಅಡತಿ ಅಂಗಡಿಗಳಲ್ಲಿ ಇಬ್ಬರು ಮೂವರು ಕೂಡಿ ಬಂಡವಾಳ ಹೂಡಿ, ದೀಪಾವಳಿಯ ಪಾಡ್ಯದಂದು ಹೊಸ ಖಾತೆ ಪುಸ್ತಕಕ್ಕೆ ಪೂಜೆ ಸಲ್ಲಿಸಿ, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಿಕೊಂಡು ನಡೆದುಬಂದ ಉದಾಹರಣೆಗಳು ವಾಚಕರಲ್ಲಿ ಅನೇಕರ ಮನೆಯಲ್ಲಿಯೇ ದೊರೆತಾವು. ಆದರೆ ಈಗ ಪಾಲುದಾರಿಕೆಯ ಪ್ರಸ್ತಾಪ ಮನೆಗೆ ಬರುವ ಬಗೆಯೇ ಬೇರೆಯಾಗಿದೆ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ನಾಲ್ಕಾರು ವರ್ಷ ನೌಕರಿ ಮಾಡಿದ ಮಗನೋ ಮಗಳೋ ಹಬ್ಬಕ್ಕೆಂದು ಊರಿಗೆ ಬಂದಾಗ, "ನಾವು ಮೂವರು ಗೆಳೆಯರು ಕೂಡಿ ಒಂದು ಸಾಫ್ಟ್‌ವೇರ್ ಕಂಪನಿ ತೆರೆಯುತ್ತೇವೆ, ಅಪ್ಪಾಜಿ" ಎಂದು ಮಾತು ತೆಗೆಯುತ್ತಾರೆ. ಹಿರಿಯರು ಮೊದಲು ಕೇಳುವುದು ಹಣ ಎಷ್ಟು ಬೇಕೆಂದು. ಅನಂತರ ಉಳಿದಿಬ್ಬರು ಯಾರೆಂದು. ಈ ಎರಡನೆಯ ಪ್ರಶ್ನೆಯನ್ನು ಮಾತ್ರ ಅವರು ಸಂಬಂಧ ಬೆಳೆಸುವ ರೀತಿಯಲ್ಲಿ ಕೇಳುತ್ತಾರೆ. ಯಾವ ಊರು, ಯಾರ ಮಗ, ಯಾರಿಗೆ ಬೀಗರು? ಉತ್ತರ ತೃಪ್ತಿಕರವಾದರೆ ತಲೆಯಾಡಿಸುತ್ತಾರೆ. ಆ ತಲೆಯಾಡಿಸುವಿಕೆಯ ಬಗೆಗೆ ಈ ಸಲ ನಾಲ್ಕು ಮಾತು ಬರೆಯಬೇಕೆನಿಸಿದೆ.

ಅರಳೆಯ ಅಂಗಡಿಯಲ್ಲಿ ಪಾಲುದಾರನು ತಪ್ಪಿ ನಡೆದರೆ ಗೋದಾಮಿಗೆ ಹೋಗಿ ಅಂಡಿಗೆಗಳನ್ನು ಎಣಿಸಬಹುದಾಗಿತ್ತು. ತಂತ್ರಾಂಶದ ಚಿಕ್ಕ ಕಂಪನಿಗೆ ಗೋದಾಮಿಲ್ಲ. ಅದರ ಸಂಪತ್ತೆಲ್ಲವೂ ಬರೆದಿಟ್ಟ ಪ್ರೋಗ್ರಾಮಿನಲ್ಲಿ, ಗುಪ್ತಪದಗಳಲ್ಲಿ, ಕಂಪನಿಯ ಹೆಸರಿನಲ್ಲಿ ಮತ್ತು ಎರಡು ಮೂರು ಗಿರಾಕಿಗಳ ವಿಶ್ವಾಸದಲ್ಲಿ ಅಡಗಿರುತ್ತದೆ. ಅನೇಕ ಸಲ ಇವು ನಾಲ್ಕೂ ಒಬ್ಬನೇ ವ್ಯಕ್ತಿಯ ಕೈಯಲ್ಲಿರುತ್ತವೆ. ಆತನು ಮುನಿದು ಹೊರಟರೆ ಉಳಿಯುವುದು ಬಾಡಿಗೆಯ ಕೋಣೆ, ಕೆಲವು ಕುರ್ಚಿಗಳು ಮತ್ತು ಸಾಲ.

ಸಾಲದ ಮಾತು ಬಂದಾಗ ಅಮೆರಿಕದ ಒಂದು ಪ್ರಸಂಗ ನೆನಪಾಗುತ್ತದೆ. 1976ರ ಏಪ್ರಿಲ್ 1ರಂದು ಕ್ಯಾಲಿಫೋರ್ನಿಯದಲ್ಲಿ ಮೂವರು ಕೂಡಿ ಆಪಲ್ ಕಂಪ್ಯೂಟರ್ ಎಂಬ ಪಾಲುದಾರಿಕೆಗೆ ಸಹಿ ಹಾಕಿದರು. ಸ್ಟೀವ್ ಜಾಬ್ಸ್ ಮತ್ತು ಸ್ಟೀವ್ ವೋಜ್ನಿಯಾಕ್ ಇಬ್ಬರಿಗೂ ಶೇಕಡಾ 45ರಷ್ಟು, ಇವರಿಗಿಂತ ಹಿರಿಯನಾದ ರೊನಾಲ್ಡ್ ವೇಯ್ನ್‌ಗೆ ಶೇಕಡಾ 10. ತರುಣರಿಬ್ಬರಲ್ಲಿ ಭಿನ್ನಾಭಿಪ್ರಾಯ ಬಂದರೆ ತೀರ್ಮಾನ ಹೇಳಲು ಮೂರನೆಯವನೊಬ್ಬ ಇರಲೆಂಬುದು ಉದ್ದೇಶ. ಕರಾರು ಪತ್ರವನ್ನು ಬರೆದವನೂ ವೇಯ್ನ್‌ನೇ. ಆ ವೇಳೆಗೆ ಬೈಟ್ ಶಾಪ್ ಎಂಬ ಅಂಗಡಿಯಿಂದ 50 ಯಂತ್ರಗಳಿಗೆ ಬೇಡಿಕೆ ಬಂದಿತ್ತು; ಅದಕ್ಕೆ ಬೇಕಾದ ಬಿಡಿಭಾಗಗಳನ್ನು ಜಾಬ್ಸ್ ಉದ್ರಿಯಾಗಿ ತರಲು ಹೊರಟಿದ್ದನು. ಅಂಗಡಿಯವರು ಹಣ ಕೊಡದಿದ್ದರೆ ಗತಿಯೇನು? ತರುಣರಿಬ್ಬರ ಬಳಿ ಜಪ್ತಿ ಮಾಡುವಂಥದ್ದೇನೂ ಇರಲಿಲ್ಲ. ಆಸ್ತಿಯೆಂಬುದಿದ್ದದ್ದು ವೇಯ್ನ್ ಒಬ್ಬನಿಗೆ. ಅಲ್ಲದೆ ಹಿಂದೊಮ್ಮೆ ಸ್ವಂತ ಉದ್ಯಮದಲ್ಲಿ ಕೈಸುಟ್ಟುಕೊಂಡವನು. ಹನ್ನೊಂದು ದಿನ ಕಳೆಯುವಷ್ಟರಲ್ಲಿ, ಏಪ್ರಿಲ್ 12ರಂದು, ಆತನು 800 ಡಾಲರ್ ಪಡೆದು ಹೊರಬಂದನು. ಮುಂದೆ ಎಲ್ಲ ಹಕ್ಕು ಬಿಟ್ಟುಕೊಟ್ಟುದಕ್ಕೆ ಇನ್ನೂ 1,500 ಡಾಲರ್ ದೊರೆಯಿತು. ಆಪಲ್ ಕಂಪನಿ ಜಗತ್ಪ್ರಸಿದ್ಧವಾದ ಮೇಲೆ ಪತ್ರಿಕೆಗಳು ಈತನನ್ನು ಮಹಾ ನತದೃಷ್ಟನೆಂದು ಚಿತ್ರಿಸುತ್ತ ಬಂದಿವೆ. ನಮಗೆ ಹಾಗೆ ಕಾಣುವುದಿಲ್ಲ. ತಾನು ಸಹಿ ಹಾಕಿದ ಕಾಗದದ ಅರ್ಥವನ್ನು ಮೂವರಲ್ಲಿ ಪೂರ್ಣವಾಗಿ ಗ್ರಹಿಸಿದವನು ಆತನೇ ಇದ್ದಿರಬೇಕು.

ನಮ್ಮ ದೇಶದ ಕಾನೂನೂ ಇದೇ ಬಗೆಯದು. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಪ್ರಕಾರ ಸಂಸ್ಥೆಯ ವ್ಯವಹಾರದಲ್ಲಿ ಒಬ್ಬ ಪಾಲುದಾರನು ಮಾಡಿದ ಕಾರ್ಯಕ್ಕೆ ಎಲ್ಲರೂ ಬದ್ಧರು. ಸಾಲಗಾರನು ಪೂರ್ತಿ ಬಾಕಿಯನ್ನು ಯಾವೊಬ್ಬನಿಂದಲಾದರೂ ವಸೂಲು ಮಾಡಬಹುದು, ಮತ್ತು ಸಹಜವಾಗಿಯೇ ಆತನು ಹೊಲಮನೆಯಿದ್ದವನನ್ನು ಹುಡುಕಿಕೊಂಡು ಬರುತ್ತಾನೆ. ಬರವಣಿಗೆಯ ಕರಾರಿಲ್ಲದಿದ್ದರೆ ಲಾಭ ನಷ್ಟಗಳೆರಡೂ ಸಮಪಾಲು. ಹತ್ತು ಲಕ್ಷ ಹಾಕಿದವನಿಗೂ ಬರಿಗೈಯಲ್ಲಿ ಬಂದವನಿಗೂ ಒಂದೇ ಲೆಕ್ಕ. ನೋಂದಣಿಯಾಗದ ಸಂಸ್ಥೆಯು ತನಗೆ ಬರಬೇಕಾದ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತೆಯೂ ಇಲ್ಲ. ಆದುದರಿಂದಲೇ ಇಂದಿನ ತರುಣರು 2008ರ ಕಾಯ್ದೆಯಡಿ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಯನ್ನೋ 2013ರ ಕಂಪನಿ ಕಾಯ್ದೆಯಡಿ ಪ್ರೈವೇಟ್ ಲಿಮಿಟೆಡ್ ಕಂಪನಿಯನ್ನೋ ಸ್ಥಾಪಿಸುತ್ತಾರೆ. ಅದು ಯೋಗ್ಯವೇ. ಅಲ್ಲಿ ಸಂಸ್ಥೆಯ ಸಾಲಕ್ಕೂ ಮನೆಯ ಆಸ್ತಿಗೂ ನಡುವೆ ಒಂದು ಗೋಡೆಯಿರುತ್ತದೆ. ಆದರೆ ಬ್ಯಾಂಕಿನವರು ಸಾಲ ಕೊಡುವಾಗ ನಿರ್ದೇಶಕರಿಂದಲೂ ಒಮ್ಮೊಮ್ಮೆ ಅವರ ತಂದೆಯಿಂದಲೂ ಜಾಮೀನು ಬರೆಸಿಕೊಳ್ಳುತ್ತಾರೆ. ಆ ಸಹಿಯೊಡನೆ ಗೋಡೆ ಬಿದ್ದಂತೆಯೇ. 1872ರ ಕರಾರು ಕಾಯ್ದೆಯ ಪ್ರಕಾರ, ಬೇರೆ ಷರತ್ತು ಬರೆಯದಿದ್ದಲ್ಲಿ, ಜಾಮೀನುದಾರನ ಹೊಣೆ ಸಾಲ ಪಡೆದವನ ಹೊಣೆಯಷ್ಟೇ ಸಮನಾದುದು. "ನಾನು ಬರೀ ಸಹಿ ಹಾಕಿದವನು" ಎಂಬ ಮಾತಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ.

ಇಷ್ಟು ದೊಡ್ಡ ಹೊಣೆಯನ್ನು ಯಾರೊಡನೆ ಹಂಚಿಕೊಳ್ಳಬೇಕು? ಇಲ್ಲಿ ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ. "ನಮ್ಮವರು" ಎಂಬುದು ಪಾಲುದಾರನ ಅರ್ಹತೆಯಲ್ಲ. ಒಂದೇ ಮಠದ ಭಕ್ತರೆಂದು, ಸೋದರಮಾವನ ಕಡೆಯವರೆಂದು, ಮದುವೆ ಮನೆಯಲ್ಲಿ ಕಂಡು ಮಾತನಾಡಿಸಿದವರೆಂದು ನಂಬುವುದು ಸುಲಭ. ಮದುವೆ ಮನೆಯಲ್ಲಿ ಎಲ್ಲರೂ ಉದಾರಿಗಳೇ. ಗಿರಾಕಿ ಹಣ ತಡೆಹಿಡಿದ ತಿಂಗಳು ಕೆಲಸಗಾರರಿಗೆ ಸಂಬಳ ಕೊಡಬೇಕಾದ ದಿನ ಆತನು ಹೇಗೆ ನಡೆದುಕೊಳ್ಳುತ್ತಾನೆಂಬುದು ಬೀಗತನದಿಂದ ತಿಳಿಯುವುದಿಲ್ಲ. ತದ್ವಿರುದ್ಧವಾಗಿ, ಬಂಧುವಾದವನಿಗೆ ಲೆಕ್ಕ ಕೇಳುವುದೇ ಸಂಕೋಚವಾಗಿ, ಕೇಳಬೇಕಾದ ಮಾತು ಎರಡು ವರ್ಷ ಮನಸ್ಸಿನಲ್ಲಿಯೇ ಉಳಿದು, ಕೊನೆಗೆ ವ್ಯಾಪಾರವೂ ಸಂಬಂಧವೂ ಒಟ್ಟಿಗೇ ಕೆಡುತ್ತವೆ. ಬಂಧುಗಳೊಡನೆ ವ್ಯವಹಾರ ಕೂಡದೆಂದು ನಾವು ಹೇಳುತ್ತಿಲ್ಲ. ಅಪರಿಚಿತನಿಗೆ ಹಾಕುವ ಪ್ರಶ್ನೆಗಳನ್ನೇ ಅವರಿಗೂ ಹಾಕಬೇಕೆಂದಷ್ಟೇ ನಮ್ಮ ಮಾತು.

1981ರಲ್ಲಿ ಪುಣೆಯಲ್ಲಿ 10,000 ರೂಪಾಯಿ ಬಂಡವಾಳದಿಂದ ಇನ್ಫೋಸಿಸ್ ಸ್ಥಾಪಿಸಿದ ಏಳು ಮಂದಿಯನ್ನು ಕೂಡಿಸಿದ್ದು ಬಂಧುತ್ವವಲ್ಲ. ಅವರೆಲ್ಲರೂ ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್‌ನಲ್ಲಿ ದುಡಿದವರು. ಒಬ್ಬರ ಕಾಯಕವನ್ನು ಇನ್ನೊಬ್ಬರು ಕಣ್ಣಾರೆ ಕಂಡಿದ್ದರು. 1989ರಲ್ಲಿ ಅವರಲ್ಲಿ ಒಬ್ಬರಾದ ಅಶೋಕ್ ಅರೋರಾ ಬಿಟ್ಟುಹೋದರೂ ಸಂಸ್ಥೆ ಮುರಿಯಲಿಲ್ಲ.

ಎಲ್ಲರಿಗೂ ಅಂಥ ಸಹವಾಸ ದೊರೆಯಲಾರದು. ದೊರೆಯದವರು ಕೃತಕವಾಗಿಯಾದರೂ ಅದನ್ನು ಉಂಟುಮಾಡಿಕೊಳ್ಳಬೇಕು. ಷೇರು ಹಂಚಿಕೊಳ್ಳುವ ಮೊದಲು ಎರಡು ಮೂರು ತಿಂಗಳ ಒಂದು ಚಿಕ್ಕ ಕೆಲಸವನ್ನು ಕೂಡಿ ಮಾಡಿ ನೋಡಬೇಕು. ಅಂಗಡಿಯೊಂದಕ್ಕೆ ಬಿಲ್ಲಿನ ತಂತ್ರಾಂಶ, ಶಾಲೆಯೊಂದಕ್ಕೆ ಶುಲ್ಕದ ಲೆಕ್ಕ, ಇಂಥ ಯಾವುದಾದರೂ ಸಾಕು. ಅದರಲ್ಲಿ ಗಮನಿಸಬೇಕಾದುದು ಆತನ ಜಾಣತನವನ್ನಲ್ಲ. ಅದು ಹೇಗೂ ಕಾಣುತ್ತದೆ. ಕೆಟ್ಟ ಸುದ್ದಿಯನ್ನು ಎಷ್ಟು ಬೇಗ ಹೇಳುತ್ತಾನೆಂಬುದನ್ನು ನೋಡಬೇಕು. ಗಡುವಿಗೆ ಕೆಲಸ ಮುಗಿಯದೆಂದು ತಿಳಿದ ದಿನವೇ ಬಂದು ಹೇಳಿದನೇ, ಗಿರಾಕಿಯೇ ಫೋನ್ ಮಾಡಿ ಬೈದ ಮೇಲೆ ಹೇಳಿದನೇ? ಆರು ಸಾವಿರ ಬರಬೇಕಾದಲ್ಲಿ ಗಿರಾಕಿ ತಪ್ಪಿ ಏಳು ಸಾವಿರ ಕೊಟ್ಟರೆ ಏನು ಮಾಡಿದನು? ನಮ್ಮ ದೃಷ್ಟಿಯಲ್ಲಿ ಇಂಥ ಎರಡು ಸಂದರ್ಭಗಳು ಹತ್ತು ಶಿಫಾರಸು ಪತ್ರಗಳಿಗಿಂತ ಹೆಚ್ಚು ತಿಳಿಸುತ್ತವೆ.

ಕಾಗದಪತ್ರಗಳ ಪರೀಕ್ಷೆಯೂ ಈಗ ಮೊದಲಿನಷ್ಟು ಕಷ್ಟವಲ್ಲ. ಯಾವನೇ ವ್ಯಕ್ತಿ ಯಾವ ಯಾವ ಕಂಪನಿಗಳಲ್ಲಿ ನಿರ್ದೇಶಕನಾಗಿದ್ದಾನೆ, ಆ ಕಂಪನಿಗಳ ಮೇಲೆ ಎಷ್ಟು ಸಾಲವಿದೆ ಎಂಬುದನ್ನು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ದಾಖಲೆಗಳಿಂದ ಅರಿಯಬಹುದು. ಮೂರು ವರ್ಷ ಸತತವಾಗಿ ವಾರ್ಷಿಕ ಲೆಕ್ಕ ಸಲ್ಲಿಸದ ಕಂಪನಿಯ ನಿರ್ದೇಶಕನು ಐದು ವರ್ಷ ಅನರ್ಹನಾಗುತ್ತಾನೆ. 2017ರಲ್ಲಿ ಈ ನಿಯಮದಡಿ 3 ಲಕ್ಷಕ್ಕೂ ಹೆಚ್ಚು ಜನರನ್ನು ಸರ್ಕಾರ ಅನರ್ಹರೆಂದು ಘೋಷಿಸಿತು. ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಕೊಟ್ಟರೆ ತಿಂಗಳ ವಿವರಪಟ್ಟಿ ಸಕಾಲಕ್ಕೆ ಸಲ್ಲುತ್ತಿದೆಯೇ ಎಂಬುದು ಯಾರಿಗಾದರೂ ಕಾಣುತ್ತದೆ. ನ್ಯಾಯಾಲಯದ ವ್ಯಾಜ್ಯಗಳನ್ನು ಪಕ್ಷಕಾರರ ಹೆಸರಿನಿಂದ ಹುಡುಕಬಹುದು. ಇನ್ನು ಸಿಬಿಲ್ ವರದಿ. ಇದನ್ನು ಒಬ್ಬರಿಂದ ಮಾತ್ರ ಕೇಳಿದರೆ ಅವಮಾನವಾದೀತು. ಎಲ್ಲ ಪಾಲುದಾರರೂ ಒಂದೇ ದಿನ ತಮ್ಮ ತಮ್ಮ ವರದಿ ತಂದು ಮೇಜಿನ ಮೇಲಿಡುವುದು ಮರ್ಯಾದೆಯ ಮಾರ್ಗ. ಹಿಂದೆ ಆತನ ಕೈಕೆಳಗೆ ದುಡಿದ ಒಬ್ಬಿಬ್ಬರನ್ನು ಮಾತನಾಡಿಸುವುದನ್ನೂ ಬಿಡಬಾರದು. ಮೇಲಧಿಕಾರಿಗೆ ಎಲ್ಲರೂ ವಿನಯ ತೋರುತ್ತಾರೆ. ಕೆಳಗಿನವನ ಸಂಬಳವನ್ನು ಸಮಯಕ್ಕೆ ಕೊಟ್ಟನೇ ಎಂಬುದು ಕೆಳಗಿನವನಿಗೇ ಗೊತ್ತು.

ಪ್ರಶಸ್ತಿ ಫಲಕಗಳನ್ನೂ ವೇದಿಕೆಯ ಭಾಷಣಗಳನ್ನೂ ಪ್ರಮಾಣವಾಗಿ ಸ್ವೀಕರಿಸುವವರು ಸತ್ಯಂ ಕಂಪ್ಯೂಟರ್ಸ್‌ನ ಕಥೆಯನ್ನು ಸ್ಮರಿಸಿಕೊಳ್ಳಲಿ. ಉತ್ತಮ ಆಡಳಿತಕ್ಕಾಗಿ ಆ ಕಂಪನಿ ಪ್ರಶಸ್ತಿ ಪಡೆದದ್ದು 2008ರಲ್ಲಿ. ಲೆಕ್ಕದಲ್ಲಿ ತೋರಿಸಿದ ನಗದಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಅದರ ಅಧ್ಯಕ್ಷ ಬಿ. ರಾಮಲಿಂಗ ರಾಜು ಪತ್ರ ಬರೆದು ಒಪ್ಪಿಕೊಂಡದ್ದು 2009ರ ಜನವರಿ 7ರಂದು. ಅಷ್ಟು ದೊಡ್ಡ ಕಂಪನಿಯಲ್ಲಿಯೇ ಬ್ಯಾಂಕಿನ ಬಾಕಿಯನ್ನು ನೇರವಾಗಿ ತಾಳೆ ನೋಡುವವರಿರಲಿಲ್ಲ. ಮೂವರ ಚಿಕ್ಕ ಕಂಪನಿಯಲ್ಲಿ ಬ್ಯಾಂಕ್ ಖಾತೆಯನ್ನು ಮೂವರೂ ಪ್ರತಿ ವಾರ ನೋಡುವಂತಿರಬೇಕು, ನಿಗದಿತ ಮೊತ್ತವನ್ನು ಮೀರಿದ ಪಾವತಿಗೆ ಇಬ್ಬರ ಒಪ್ಪಿಗೆ ಬೇಕಾಗುವಂತಿರಬೇಕು.

ಇನ್ನು ಬರವಣಿಗೆಯ ವಿಷಯ. ಹಣ ಬರುವ ಮೊದಲೇ, ಎಲ್ಲರೂ ಪ್ರೀತಿಯಿಂದಿರುವಾಗಲೇ, ಅಗಲುವ ದಿನದ ನಿಯಮಗಳನ್ನು ಬರೆದುಕೊಳ್ಳಬೇಕು. ಶುಭಕಾರ್ಯದ ಆರಂಭದಲ್ಲಿ ಅಪಶಕುನದ ಮಾತೇಕೆಂದು ನಮ್ಮ ಹಿರಿಯರು ಇದನ್ನು ತಡೆಯುವುದುಂಟು. ಮೂವರು ಸಮಪಾಲು ಹಂಚಿಕೊಂಡ ಕಂಪನಿಯಿಂದ ಒಬ್ಬನು ಎಂಟೇ ತಿಂಗಳಿಗೆ ವಿದೇಶದ ನೌಕರಿಗೆ ಹೊರಟನೆಂದು ಭಾವಿಸೋಣ. ಕರಾರಿಲ್ಲದಿದ್ದರೆ ಮೂರನೆಯ ಒಂದು ಪಾಲು ಆತನದೇ. ಉಳಿದಿಬ್ಬರು ಹತ್ತು ವರ್ಷ ದುಡಿದರೂ ಆತನಿಗಾಗಿಯೂ ದುಡಿದಂತೆ. ಆದುದರಿಂದ ಷೇರುಗಳನ್ನು ನಾಲ್ಕು ವರ್ಷಗಳ ದುಡಿಮೆಯಿಂದ ಸ್ವಲ್ಪ ಸ್ವಲ್ಪವಾಗಿ ಗಳಿಸಿಕೊಳ್ಳುವ, ಮೊದಲ ವರ್ಷದೊಳಗೆ ಬಿಟ್ಟವನಿಗೆ ಏನೂ ಸಲ್ಲದಿರುವ ಏರ್ಪಾಡು ರೂಢಿಯಲ್ಲಿದೆ. ಬಿಡುವವನ ಷೇರಿಗೆ ಬೆಲೆ ಕಟ್ಟುವ ವಿಧಾನವನ್ನೂ ಆಗಲೇ ನಿಶ್ಚಯಿಸಬೇಕು. ಮೈಕ್ರೋಸಾಫ್ಟ್ ಸ್ಥಾಪಿಸಿದ ಇಬ್ಬರಲ್ಲಿ ಒಬ್ಬನಾದ ಪಾಲ್ ಆಲನ್ ಕಾಯಿಲೆಯಿಂದ ಬಳಲಿ 1983ರಲ್ಲಿ ಹೊರಬಂದಾಗ, ಬಿಲ್ ಗೇಟ್ಸ್ ಷೇರಿಗೆ 5 ಡಾಲರ್ ಕೊಡುತ್ತೇನೆಂದನು, ಆಲನ್ 10ಕ್ಕಿಂತ ಕಡಿಮೆಗೆ ಒಪ್ಪಲಿಲ್ಲ. ಬಾಲ್ಯದ ಗೆಳೆಯರ ನಡುವಿನ ಆ ಕಹಿಯನ್ನು ಆಲನ್ 2011ರ ತನ್ನ ಆತ್ಮಕಥೆಯಲ್ಲಿಯೂ ಬರೆದಿದ್ದಾನೆ.

ಪ್ರೋಗ್ರಾಮಿನ ಒಡೆತನದ ಬಗೆಗೆ ನಮ್ಮಲ್ಲಿ ತಪ್ಪು ಕಲ್ಪನೆ ಬಹಳವಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮೂ ಒಂದು ಸಾಹಿತ್ಯ ಕೃತಿಯೇ. ನೌಕರನು ಕೆಲಸದ ಅಂಗವಾಗಿ ಬರೆದದ್ದು ಸಾಮಾನ್ಯವಾಗಿ ಮಾಲಿಕನಿಗೆ ಸೇರುತ್ತದೆ. ಆದರೆ ಹೊರಗಿನವನಿಗೆ ಹಣ ಕೊಟ್ಟು ಬರೆಸಿದ್ದು, ಅಥವಾ ಕಂಪನಿ ಹುಟ್ಟುವ ಮೊದಲೇ ಪಾಲುದಾರನೊಬ್ಬ ತನ್ನ ಮನೆಯಲ್ಲಿ ಬರೆದದ್ದು, ಲಿಖಿತವಾಗಿ ವರ್ಗಾಯಿಸುವವರೆಗೆ ಬರೆದವನದೇ. ವರ್ಗಾವಣೆ ಪತ್ರದಲ್ಲಿ ಅವಧಿ ಹೇಳದಿದ್ದರೆ ಅದು ಐದು ವರ್ಷಕ್ಕೆ ಸೀಮಿತ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಸೀಮಿತ. ಈ ಎರಡು ಶಬ್ದಗಳ ಕೊರತೆಯಿಂದ ಪರದೇಶದ ಗಿರಾಕಿ ಕೈತಪ್ಪಬಹುದು. ಕಂಪನಿಯ ಅಂತರಜಾಲದ ಹೆಸರು, ಮುಖ್ಯ ಗುಪ್ತಪದಗಳು ಯಾರೊಬ್ಬರ ಸ್ವಂತ ಹೆಸರಿನಲ್ಲಿರದೆ ಕಂಪನಿಯ ಹೆಸರಿನಲ್ಲಿರಬೇಕು. ಇದಕ್ಕೆ ಒಪ್ಪದೆ "ನನ್ನ ಮೇಲೆ ನಂಬಿಕೆಯಿಲ್ಲವೇ?" ಎಂದು ಮುಖ ಸಿಂಡರಿಸುವವನು ಸಿಕ್ಕರೆ, ಆತನೊಡನೆ ಗೆಳೆತನವೊಂದೇ ಸಾಕು.

ಕೊನೆಗೆ ಮನೆಯ ಹಿರಿಯರಿಗೆ, ವಿಶೇಷವಾಗಿ ತಾಯಂದಿರಿಗೆ ಒಂದು ವಿಷಯ ತಿಳಿಸಬೇಕು. ಮನೆ ನಿಮ್ಮ ಹೆಸರಿನಲ್ಲಿದ್ದರೆ ಅಡವಿನ ಕಾಗದ ನಿಮ್ಮ ಮುಂದೆಯೇ ಬರುತ್ತದೆ. ಸಹಿ ಹಾಕುವ ಮೊದಲು ಅದನ್ನು ಕನ್ನಡದಲ್ಲಿ ಓದಿಸಿಕೊಳ್ಳಿ, ಉಳಿದ ಪಾಲುದಾರರ ಮನೆಯವರೂ ಅಷ್ಟೇ ಜಾಮೀನು ಬರೆಯುತ್ತಿದ್ದಾರೆಯೇ ಎಂದು ವಿಚಾರಿಸಿ. ಚಿಕ್ಕ ಉದ್ಯಮಗಳಿಗೆ ಆಸ್ತಿಯ ಅಡವಾಗಲಿ ಮೂರನೆಯವರ ಜಾಮೀನಾಗಲಿ ಇಲ್ಲದೆ ಸಾಲ ದೊರೆಯಲೆಂದು ಕೇಂದ್ರ ಸರ್ಕಾರ ಮತ್ತು ಸಿಡ್ಬಿ 2000ದಲ್ಲಿ ಸಾಲ ಖಾತರಿ ನಿಧಿಯೊಂದನ್ನು ಸ್ಥಾಪಿಸಿವೆ. ಮಕ್ಕಳ ಕಂಪನಿಗೆ ಅದು ಅನ್ವಯಿಸುತ್ತದೆಯೇ ಎಂದು ಬ್ಯಾಂಕಿನ ವ್ಯವಸ್ಥಾಪಕರನ್ನು ಮೊದಲು ಕೇಳಿ. ಈಗಾಗಲೇ ಮುಂದುವರಿಯುವ ಜಾಮೀನು ಬರೆದುಕೊಟ್ಟವರು ಬ್ಯಾಂಕಿಗೆ ಲಿಖಿತ ಸೂಚನೆ ಕೊಟ್ಟು ಮುಂದಿನ ವ್ಯವಹಾರಗಳ ಮಟ್ಟಿಗೆ ಅದನ್ನು ಹಿಂತೆಗೆದುಕೊಳ್ಳಲು 1872ರ ಕಾಯ್ದೆಯಲ್ಲಿ ಅವಕಾಶವಿದೆ. ಅದುವರೆಗೆ ಪಡೆದ ಸಾಲದ ಹೊಣೆ ಮಾತ್ರ ಉಳಿಯುತ್ತದೆ. ಸೂಚನೆಯ ಎರಡನೆಯ ಪ್ರತಿಯ ಮೇಲೆ ಬ್ಯಾಂಕಿನ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಂಡು ಮನೆಯ ಪತ್ರಗಳೊಡನೆ ಇಟ್ಟುಕೊಳ್ಳಿ.